ತಂತಿಯಿಲ್ಲದ ಪೆಟ್ಟಿಗೆಯ ತಕರಾರು

ಮನೆಗೆ ಹೊಸ ವೈಫೈ ರೌಟರ್ ತಂದಿದ್ದೀರಿ. ದೀಪಗಳು ಮಿನುಗುತ್ತಿವೆ. ತಳದ ಚೀಟಿಯಲ್ಲಿದ್ದ ಪಾಸ್‌ವರ್ಡನ್ನು ಮೂರು ಸಲ ತಪ್ಪಾಗಿ ಒತ್ತಿ, ನಾಲ್ಕನೆಯ ಸಲ ಗೆದ್ದಿದ್ದೀರಿ. ನಡುಮನೆಯಲ್ಲಿ ಎಲ್ಲವೂ ಸರಿ. ಮಗಳು ಪಾಠ ಕೇಳಬೇಕಾದ ಒಳಕೋಣೆಯಲ್ಲಿ ಮಾತ್ರ ಮೇಷ್ಟರ ಮಾತು ತುಂಡುತುಂಡು. ಬೆಂಗಳೂರು ಬಾನುಲಿ ಎಷ್ಟೋ ಊರು ದಾಟಿ ಬರುವಾಗ, ನಾಲ್ಕು ಮಾರು ದೂರದ ಈ ಪೆಟ್ಟಿಗೆಗೇನು ಧಾಡಿ ಎಂದು ನೀವು ಕೇಳಬಹುದು.

ಎರಡೂ ರೇಡಿಯೋ ಅಲೆಗಳೇ. ಆದರೆ ಬೆಂಗಳೂರು ಕೇಂದ್ರದ 612 ಕಿಲೊಹರ್ಟ್ಸ್ ಮಧ್ಯಮ ತರಂಗದ ಉದ್ದ ಸುಮಾರು 490 ಮೀಟರು. ಅದರ ಪ್ರೇಷಕದ ಬಲವನ್ನು ಅಳೆಯುವುದು ಕಿಲೊವ್ಯಾಟುಗಳಲ್ಲಿ. ರೌಟರಿನ ಅಲೆಗಳು ಸಾಮಾನ್ಯವಾಗಿ ಎರಡು ಬಗೆ: 2.4 ಗಿಗಾಹರ್ಟ್ಸಿನದು ಸುಮಾರು 12 ಸೆಂಟಿಮೀಟರು, 5 ಗಿಗಾಹರ್ಟ್ಸಿನದು ಬರಿಯ 6. ಬಲವೋ, ಸಾಧಾರಣವಾಗಿ ಒಂದು ವ್ಯಾಟಿಗೂ ಕಡಮೆ. ಗೋಡೆ ಇವನ್ನು ಹೀರುತ್ತದೆ, ಲೋಹ ಹಿಂದಕ್ಕಟ್ಟುತ್ತದೆ. ನಾನಾದರೋ ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಹಿಂದಿಟ್ಟು ಎರಡು ದಿನ ಅಂಗಡಿಯವನನ್ನು ಬೈದೆ!

ಪೆಟ್ಟಿಗೆಯನ್ನು ಮನೆಯ ನಡುವೆ, ತುಸು ಎತ್ತರದಲ್ಲಿಡಿ. 5 ಗಿಗಾಹರ್ಟ್ಸ್ ಚುರುಕು, ಆದರೆ ಗೋಡೆಗೆ ಬೇಗ ಸೋಲುತ್ತದೆ, ಒಳಕೋಣೆಗೆ 2.4 ವಾಸಿ. ಅಲ್ಲಿ ನೆರೆಮನೆಯ ಪೆಟ್ಟಿಗೆಗಳ ಗದ್ದಲವೂ ಉಂಟು. ಅದರ ಚಾನೆಲುಗಳಲ್ಲಿ 1, 6, 11 ಒಂದರ ಮೇಲೊಂದು ಬೀಳವು. ಈ ಮೂರರಲ್ಲಿ ಜನಸಂದಣಿ ಕಡಮೆಯಿರುವುದನ್ನು ಹಿಡಿಯಿರಿ. ಅಡಿಗೆಮನೆಯ ಮೈಕ್ರೊವೇವ್ ಒಲೆಯದೂ 2.4ರ ಆಸುಪಾಸಿನ ಅಲೆಯೇ. ಪಾಠದ ಹೊತ್ತಿನಲ್ಲಿ ಸಾರನ್ನು ಗ್ಯಾಸಿನ ಮೇಲೆಯೇ ಬಿಸಿಮಾಡಿಕೊಳ್ಳಿ.