ಪಥ್ಯ ಕೆಡಿಸಲು ಹೊರಟ ಪ್ರಯೋಗ

ತೂಕ ಇಳಿಸಲು ಹೊರಟವರು ಮೊದಲ ಕೆಲವು ವಾರ ಹುರುಪಿನಿಂದ ಅಳೆದು ತೂಗಿ ಉಣ್ಣುತ್ತಾರೆ, ತಿಂದದ್ದನ್ನೆಲ್ಲ ಬರೆದಿಡುತ್ತಾರೆ. ಆಮೇಲೆ ಎಲ್ಲೋ ಜಾರುತ್ತಾರೆ. ಜಾರಿದವರಲ್ಲಿ ಬಹಳ ಮಂದಿ ಮತ್ತೆ ಆ ದಾರಿಗೆ ಬರುವುದಿಲ್ಲ. ಈ ಜಾರುವಿಕೆಯನ್ನು ಹತ್ತಿರದಿಂದ ನೋಡಲು ಅಮೆರಿಕದ ರೀನಾ ವಿಂಗ್ ಮತ್ತು ರಾಬರ್ಟ್ ಜೆಫ್ರಿ ಎಂಬ ಸಂಶೋಧಕರು ಅದನ್ನು ತಾವೇ ಉಂಟುಮಾಡಲು ಹೊರಟರು. 142 ಜನರನ್ನು ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ 14 ವಾರ ಎಡೆಬಿಡದ ಪಥ್ಯ. ಇನ್ನೊಂದಕ್ಕೆ ಏಳು ವಾರದ ನಂತರ ಆರು ವಾರಗಳ ಬಿಡುವು. ಮೂರನೆಯದಕ್ಕೆ 3, 6 ಮತ್ತು 9ನೇ ವಾರಗಳ ನಂತರ ಎರಡೆರಡು ವಾರ ರಜೆ. ಬಿಡುವಿನಲ್ಲಿ ತೂಕ ಇಳಿಸುವ ಪ್ರಯತ್ನವನ್ನೇ ನಿಲ್ಲಿಸಿ ಎಂದು ಹೇಳಿದ್ದರು. ಜನ ಹಳೆಯ ಚಾಳಿಗೆ ಮರಳುತ್ತಾರೆ, ಆಗ ಸೋಲಿನ ಮೂಲ ಸಿಗುತ್ತದೆ ಎಂಬುದು ಅವರ ನಿರೀಕ್ಷೆ. ಆದರೆ ಜನ ಜಾರಲಿಲ್ಲ. ಬಿಡುವು ಮುಗಿದೊಡನೆ ಮತ್ತೆ ಪಥ್ಯ ಹಿಡಿದರು. ಹನ್ನೊಂದು ತಿಂಗಳ ಹೊತ್ತಿಗೆ ಮೂರೂ ಗುಂಪುಗಳ ತೂಕ ಇಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. 2003ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು, ಸಂಶೋಧಕರು ಹುಡುಕಿದ್ದು ಸಿಗದಿದ್ದರೂ, ನಾನು ದೊಡ್ಡ ಶೋಧವೆಂದೇ ಎಣಿಸುತ್ತೇನೆ.

ಪಥ್ಯದ ನಡುವೆ ಸಡಿಲ ಬಿಡುವುದೇನೂ ಹೊಸತಲ್ಲ; ವಾರಕ್ಕೊಂದು ದಿನ ಮನಸೋಇಚ್ಛೆ ತಿನ್ನುವ ಪದ್ಧತಿ ಈ ಪ್ರಯೋಗಕ್ಕೂ ಮೊದಲೇ ಇತ್ತು. ಬಿಲ್ ಫಿಲಿಪ್ಸ್ 1999ರ ತಮ್ಮ ಜನಪ್ರಿಯ ಪುಸ್ತಕದಲ್ಲಿ ಅದನ್ನೇ ಹೇಳಿದ್ದರು. ವಿಂಗ್-ಜೆಫ್ರಿ ಪ್ರಯೋಗವನ್ನು ವ್ಯಾಯಾಮದ ಲೋಕಕ್ಕೆ ತಂದವರು ಲೈಲ್ ಮೆಕ್‌ಡೊನಾಲ್ಡ್. ಪಥ್ಯದ ನಡುವೆ ವಾರಗಟ್ಟಲೆ ಬಿಡುವು ಕೊಡಬೇಕೆಂದು ಅವರು 2005ರ ಸುಮಾರಿಗೆ ವಾದಿಸಿದರು. ಇಂದು ಬೆಂಗಳೂರಿನ ಜಿಮ್‌ಗಳವರೆಗೂ ಹಬ್ಬಿರುವುದು ಮಾತ್ರ ಆ ವಾರಕ್ಕೊಮ್ಮೆಯ ಪದ್ಧತಿ, ಭಾನುವಾರದ ಚೀಟ್ ಡೇ. ನನಗೆ ಬೇಸರ ಇಲ್ಲೇ. ದಿನಕ್ಕೆ 500 ಕ್ಯಾಲೊರಿಯಂತೆ ಆರು ದಿನ ಕಡಿಮೆ ತಿಂದರೆ 3,000 ಉಳಿಯುತ್ತದೆ. ಏಳನೇ ದಿನ ಬಿರಿಯಾನಿ, ಕೇಕ್, ಐಸ್‌ಕ್ರೀಮ್ ಎಂದು ಅಗತ್ಯಕ್ಕಿಂತ 1,500 ಹೆಚ್ಚು ತಿಂದರೆ ಆ ಉಳಿಕೆಯಲ್ಲಿ ಅರ್ಧ ಹೋಯಿತು. 2017ರಲ್ಲಿ ವರದಿಯಾದ ಟ್ಯಾಸ್ಮೇನಿಯಾದ ಸಂಶೋಧಕರ ಪ್ರಯೋಗದಲ್ಲಿ ಬಿಡುವು ಹೀಗಿರಲಿಲ್ಲ. ಅಲ್ಲಿ ಸ್ಥೂಲಕಾಯದ ಗಂಡಸರು ಎರಡು ವಾರ ಪಥ್ಯ, ಎರಡು ವಾರ ಬಿಡುವು ಎಂದು ನಡೆಸಿದರು. ಬಿಡುವಿನಲ್ಲಿ ತೂಕ ಏರದೆ ಇಳಿಯದೆ ನಿಲ್ಲುವಷ್ಟೇ ಊಟ. ಅವರು ಸರಾಸರಿ 14 ಕಿಲೊ ಇಳಿದರು, ಬಿಡುವಿಲ್ಲದವರು 9 ಕಿಲೊ. ಪಥ್ಯದ ವಾರಗಳು ಇಬ್ಬರಿಗೂ 16.

ಪಥ್ಯಕ್ಕೆ ಬಿಡುವು ಕೊಡುವುದಕ್ಕೆ ಬಲವಾದ ಆಕ್ಷೇಪವಿದೆ: ಒಮ್ಮೆ ಸಡಿಲಬಿಟ್ಟರೆ ಎಲ್ಲವೂ ಹೋಯಿತು. ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ 1975ರಲ್ಲೇ ಇದನ್ನು ತೋರಿಸಿದ್ದಾರೆ. ಆಹಾರದಲ್ಲಿ ಕಟ್ಟುನಿಟ್ಟಾಗಿದ್ದವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ರುಚಿ ಹೇಳಿ ಎಂದು ಐಸ್‌ಕ್ರೀಮ್ ಮುಂದಿಟ್ಟರು. ಕುಡಿದವರು ಕುಡಿಯದವರಿಗಿಂತ ಹೆಚ್ಚು ತಿಂದರು. ಹೇಗೂ ಕೆಟ್ಟಿತು, ಇನ್ನೇನು ಎಂಬ ಭಾವ. ಈ ಪ್ರಯೋಗವನ್ನು ನಾನು ಒಪ್ಪುತ್ತೇನೆ, ಆದರೆ ಅದು ನನ್ನ ವಾದಕ್ಕೇ ಪುಷ್ಟಿ ಕೊಡುತ್ತದೆ. ಅಲ್ಲಿ ನಿಯಮ ಮುರಿದದ್ದು ಅನಿರೀಕ್ಷಿತವಾಗಿ. ವಿಂಗ್ ಅವರ ಬಿಡುವಿಗೆ ಶುರುವಾಗುವ ದಿನವೂ ಇತ್ತು, ಮುಗಿಯುವ ದಿನವೂ ಇತ್ತು. ತಾನು ತಪ್ಪಿದೆ ಎಂದು ಯಾರೂ ಕೊರಗಬೇಕಿರಲಿಲ್ಲ.

ಬಿಡುವಿನಿಂದ ಕೊಬ್ಬು ಬೇಗ ಕರಗುತ್ತದೆಯೇ? ಟ್ಯಾಸ್ಮೇನಿಯಾದ ಅಂಕಿಗಳು ಹೌದೆಂದರೂ ಅಲ್ಲಿ ಬಿಡುವಿನವರಿಗೆ ಒಟ್ಟು 30 ವಾರ ಹಿಡಿಯಿತೆಂಬುದನ್ನು ಮರೆಯಬಾರದು. ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರು ಭಾರ ಎತ್ತಿ ಪಳಗಿದ 61 ಜನರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂರು ವಾರಕ್ಕೊಮ್ಮೆ ಒಂದು ವಾರ ಬಿಡುವು ಪಡೆದವರಿಗೂ ಪಡೆಯದವರಿಗೂ ಕರಗಿದ ಕೊಬ್ಬು ಹೆಚ್ಚುಕಡಿಮೆ ಅಷ್ಟೇ. ಆದರೆ ಬಿಡುವು ಪಡೆದವರಿಗೆ ಹಸಿವು ಕಡಿಮೆ ಇತ್ತು, ತಿನ್ನುವ ತುಡಿತವೂ ಕಡಿಮೆ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇರಬೇಕಾದವರಿಗೆ ಬಿಡುವು ಕೊಡಲು ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.