ಶೇ 2ರ ಲಾಭಕ್ಕೆ ಚಿಲಕ ಕಿತ್ತರೆ

ಬನದ ಹುಣ್ಣಿಮೆಗೆ ಚೊಳಚಗುಡ್ಡದಲ್ಲಿ ಬನಶಂಕರಿ ಜಾತ್ರೆ ತೊಡಗಿತೆಂದರೆ ನಾಟಕ ಕಂಪನಿಗಳ ಡೇರೆಗಳು ಏಳುತ್ತವೆ. ಅಂಥ ಒಂದು ಕಂಪನಿಗೆ ಟಿಕೆಟ್ ಕಿಟಕಿ ಎರಡು, ಲೆಕ್ಕದ ಪುಸ್ತಕ ಒಂದೇ ಎಂದುಕೊಳ್ಳಿ. ಪುಸ್ತಕದಲ್ಲಿ 42 ಎಂದಿದೆ. ಈ ಕಿಟಕಿಯವರು ಅದನ್ನು ಓದಿ ಒಂದು ಕೂಡಿಸುವಷ್ಟರಲ್ಲಿ ಆ ಕಿಟಕಿಯವರೂ 42 ಎಂದೇ ಓದಿಕೊಂಡಿರುತ್ತಾರೆ. ಇಬ್ಬರೂ 43 ಬರೆಯುತ್ತಾರೆ. ಹೋದದ್ದು ಎರಡು ಟಿಕೆಟ್, ಲೆಕ್ಕ ಏರಿದ್ದು ಒಂದು.

ಜಾತ್ರೆಗೆ ಬಂದವರ ಜೇಬಿನ ಮೊಬೈಲಿನಲ್ಲೂ ಇಂಥ ಕಿಟಕಿಗಳಿವೆ. ಒಂದೇ ಆ್ಯಪ್‌ನೊಳಗೆ ಜೊತೆಜೊತೆಗೆ ಸಾಗುವ ಕೆಲಸದ ಎಳೆಗಳಿಗೆ ಥ್ರೆಡ್ ಎನ್ನುತ್ತಾರೆ. ಎಲ್ಲಕ್ಕೂ ಮೆಮೊರಿ ಒಂದೇ. ಒಂದು ಎಳೆ ಬರೆಯುವಾಗ ಇನ್ನೊಂದನ್ನು ಹೊರಗೆ ನಿಲ್ಲಿಸುವ ಚಿಲಕವೇ ಮ್ಯೂಟೆಕ್ಸ್.

ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಮಾಹಿತಿ ಕಾಪಿಡುವ ಎಸ್‌ಕ್ಯೂಲೈಟ್ ಎಂಬ ಲೈಬ್ರರಿಯನ್ನೇ ನೋಡಿ. ಕಂಪೈಲ್ ಮಾಡುವಾಗ, ಅಂದರೆ ಕೋಡನ್ನು ಓಡುವ ರೂಪಕ್ಕೆ ತರುವಾಗ, ಅದರ ಥ್ರೆಡ್‌ಸೇಫ್ ಆಯ್ಕೆಗೆ 0, 1 ಅಥವಾ 2 ಕೊಡಬಹುದು. ಏನೂ ಹೇಳದಿದ್ದರೆ 1, ಪೂರ್ತಿ ಕಾವಲು. 2 ಕೊಟ್ಟರೆ, ಡೇಟಾಬೇಸಿಗೆ ತೆರೆದ ಒಂದು ಸಂಪರ್ಕವನ್ನು ಒಮ್ಮೆಗೆ ಒಂದೇ ಎಳೆ ಬಳಸುವಂತೆ ನೋಡಿಕೊಳ್ಳುವ ಹೊಣೆ ನಮ್ಮದು. 0 ಕೊಟ್ಟರೆ ಚಿಲಕಗಳೆಲ್ಲ ಕಿತ್ತುಹೋಗುತ್ತವೆ. ಲೈಬ್ರರಿ ಸುಮಾರು ಶೇ 2ರಷ್ಟು ಚುರುಕು, ಶೇ 2ರಷ್ಟು ಚಿಕ್ಕದು.

ಒಂದೇ ಎಳೆಯ ಪ್ರೋಗ್ರಾಮಿಗೆ ಅದು ನ್ಯಾಯವಾದ ಉಳಿತಾಯ. ಆದರೆ ‘ಪ್ರತಿ ಎಳೆಗೂ ಬೇರೆ ಸಂಪರ್ಕ ಕೊಟ್ಟಿದ್ದೇನೆ, ಭಯವಿಲ್ಲ’ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಸಂಪರ್ಕ ಬೇರೆಯಾದರೂ ಮೆಮೊರಿ ಹಂಚುವ ಒಳಗಿನ ಲೆಕ್ಕ ಎಲ್ಲಕ್ಕೂ ಸಮಾನ. ಅದು ಕೆಟ್ಟರೆ ಆ್ಯಪ್ ಕುಸಿಯಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಕುಸಿಯದೆ ತಪ್ಪು ಮಾಹಿತಿಯನ್ನೇ ಉಳಿಸಬಹುದು. ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದೂ ಕಷ್ಟ. ಎರಡು ಎಳೆಗಳು ಅದೇ ಕ್ಷಣಕ್ಕೆ ಅದೇ ಜಾಗಕ್ಕೆ ಬಂದರಷ್ಟೇ ಪೆಟ್ಟು. ಸಾವಿರ ಸಲ ಸರಿಯಾಗಿ ಓಡಿದ್ದು ಸಾವಿರದ ಒಂದನೆಯ ಸಲ ಎಡವುತ್ತದೆ.

2003ರ ಆಗಸ್ಟ್ 14ರಂದು ಅಮೆರಿಕದ ಓಹಿಯೋದಲ್ಲಿ ವಿದ್ಯುತ್ ಜಾಲದ ಎಚ್ಚರಿಕೆ ವ್ಯವಸ್ಥೆ ಸದ್ದಿಲ್ಲದೆ ನಿಂತದ್ದು ಇದೇ ಜಾತಿಯ ದೋಷದಿಂದ, ಒಂದೇ ಮಾಹಿತಿಗೆ ಏಕಕಾಲಕ್ಕೆ ಬಿದ್ದ ಎರಡು ಬರಹಗಳಿಂದ. ತಂತಿಗಳು ಒಂದೊಂದಾಗಿ ಕೈಕೊಡುತ್ತಿದ್ದರೂ ನಿಯಂತ್ರಣ ಕೊಠಡಿಗೆ ತಿಳಿಯಲಿಲ್ಲ. ಆ ದಿನ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು.

ಲೈಬ್ರರಿ ಕಂಪೈಲ್ ಮಾಡುವವರು ಒಬ್ಬರು, ಅದನ್ನು ಬಳಸುವವರು ಇನ್ನೊಬ್ಬರು. ನನ್ನ ಆತಂಕ ಇರುವುದು ಅಲ್ಲಿಯೇ. ಕಿತ್ತ ಚಿಲಕವನ್ನು ಪ್ರೋಗ್ರಾಮ್ ಓಡುವಾಗ ಮತ್ತೆ ಜೋಡಿಸಲಾಗದು, ಮರುಕಂಪೈಲೇ ದಾರಿ. ಇದೆಯೋ ಇಲ್ಲವೋ ಎಂದು ಕೇಳಲು ಮಾತ್ರ ಎಸ್‌ಕ್ಯೂಲೈಟ್‌ನಲ್ಲೇ ಒಂದು ಫಂಕ್ಷನ್ ಇದೆ. ಕೋಡಿನ ಮೊದಲಲ್ಲೇ ಅದನ್ನು ಕರೆಯಿರಿ. ಉತ್ತರ 0 ಬಂದರೆ ಎರಡನೆಯ ಎಳೆಯನ್ನು ತೆರೆಯಬೇಡಿ.