ರಾತ್ರಿ ಮೂರರ ಹಾಲು

ಪುಣೆಯ ಶಿವಾಜಿನಗರದಲ್ಲಿ ರಾತ್ರಿ ಮೂರಕ್ಕೆ ಯಾರು ಯಾರು ಎಚ್ಚರವಿರುತ್ತಾರೆ ಎಂದು ಕೇಳಿದರೆ ಈಗ ನಾನು ಹೇಳಬಲ್ಲೆ. ಲೋಣಾವಳದ ಕಡೆ ಹೊರಟ ಗೂಡ್ಸ್ ಗಾಡಿಯ ಚಾಲಕ. ಸಿಮ್ಲಾ ಆಫೀಸ್ ಚೌಕದಲ್ಲಿ ಬಾಡಿಗೆಗೆ ಕಾದ ಒಬ್ಬ ರಿಕ್ಷಾದವನು. ಮತ್ತೆ ಮೂರನೇ ಮಹಡಿಯ ನಮ್ಮ ಮನೆಯಲ್ಲಿ ಐದು ವಾರದ ಕೂಸು, ಅದಕ್ಕೆ ಹಾಲು ಕುಡಿಸುತ್ತಿರುವ ನನ್ನ ಹೆಂಡತಿ, ಪಕ್ಕದಲ್ಲಿ ಮೊಬೈಲಿನ ಬೆಳಕನ್ನು ಅಂಗೈಯಲ್ಲಿ ಮುಚ್ಚಿಕೊಂಡು ಓದುತ್ತಿರುವ ನಾನು. ಅಂಥದೊಂದು ರಾತ್ರಿ ಕಣ್ಣಿಗೆ ಬಿದ್ದ ಒಂದು ಸಂಗತಿಗೆ ನನ್ನ ನಿದ್ದೆಯೆಲ್ಲ ಹಾರಿಹೋಯಿತು. ಮಧ್ಯಾಹ್ನ ಮೂರರ ಎದೆಹಾಲು, ರಾತ್ರಿ ಮೂರರ ಎದೆಹಾಲು ಒಂದೇ ಅಲ್ಲ!

ಅದೇ ತಾಯಿ, ಅದೇ ಎದೆ, ಅದೇ ಬಿಳಿ ಬಣ್ಣ. ಆದರೆ ಕತ್ತಲಾದ ಮೇಲೆ ಆ ಹಾಲಿನೊಳಗೆ ಮೆಲಟೋನಿನ್ ಇಳಿಯುತ್ತದೆ. ನಮ್ಮ ಮೈಗೆ ‘ರಾತ್ರಿಯಾಯಿತು’ ಎಂದು ಹೇಳುವ ಹಾರ್ಮೋನು ಅದು. ಹಗಲಿನ ಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ನಡುರಾತ್ರಿ ದಾಟಿದ ಮೇಲೆ ತುಂಬಿ ಬರುತ್ತದೆ. ಪ್ರಾಗ್ ನಗರದ ವಿಜ್ಞಾನಿ ಹೆಲೆನಾ ಇಲ್ನೆರೋವಾ ಮತ್ತು ಸಂಗಡಿಗರು ಈ ಏರಿಳಿತವನ್ನು ಅಳೆದು 1993ರಲ್ಲೇ ಪ್ರಕಟಿಸಿದ್ದರು. ಬೆಳಗಿನ ಹಾಲಿನಲ್ಲಿ ಎಚ್ಚರಕ್ಕೆ ಸಂಬಂಧಿಸಿದ ಕಾರ್ಟಿಸಾಲ್ ಹೆಚ್ಚು. ಅಂದರೆ ನನ್ನ ಹೆಂಡತಿ ಕೂಸಿಗೆ ಬರೀ ಹೊಟ್ಟೆ ತುಂಬಿಸುತ್ತಿರಲಿಲ್ಲ, ಹೊತ್ತು ಎಷ್ಟಾಯಿತೆಂದೂ ಹೇಳುತ್ತಿದ್ದಳು!

ಆಮೇಲೆ ಒಂದೊಂದಾಗಿ ಎಲ್ಲ ಅರ್ಥವಾಗತೊಡಗಿತು. ಕೂಸು ಹಗಲೆಲ್ಲ ಮಲಗಿ ರಾತ್ರಿಯೆಲ್ಲ ರಚ್ಚೆ ಹಿಡಿದರೆ ನಮ್ಮ ಕಡೆ ‘ಹಗಲು ರಾತ್ರಿ ತಿರುವಿಕೊಂಡೈತಿ’ ಅನ್ನುತ್ತಾರೆ. ನಾನೂ ಅನ್ನುತ್ತಿದ್ದೆ. ತಿರುವಿಕೊಳ್ಳಲು ಅದರ ಹತ್ತಿರ ಹಗಲೂ ಇಲ್ಲ, ರಾತ್ರಿಯೂ ಇಲ್ಲ! ಹೊಟ್ಟೆಯೊಳಗಿದ್ದಾಗ ತಾಯಿಯ ಮೆಲಟೋನಿನ್ ಹೊಕ್ಕುಳಬಳ್ಳಿಯ ಮೂಲಕ ಬರುತ್ತಿತ್ತು, ತಾಯಿಯ ರಾತ್ರಿಯೇ ಅದರ ರಾತ್ರಿ. ಬಳ್ಳಿ ಕತ್ತರಿಸಿದ ಕ್ಷಣ ಆ ರಾತ್ರಿಯೂ ಕಳಚಿಹೋಯಿತು. ಸ್ವಂತ ಮೆಲಟೋನಿನ್ ಹೊತ್ತಿಗೆ ಸರಿಯಾಗಿ ಏರಿಳಿಯಲು ಸುಮಾರು ಮೂರು ತಿಂಗಳು ಬೇಕು. ನಡುವಿನ ಈ ಮೂರು ತಿಂಗಳು ತಾಯಿ ತನ್ನ ರಾತ್ರಿಯನ್ನು ಹಾಲಿನಲ್ಲಿ ಕಳಿಸುತ್ತಾಳೆ, ಕೂಸಿಗೆ ನಿದ್ದೆಯ ಲಯ ಕಲಿಯಲು ಅದು ನೆರವಾಗುತ್ತದೆ ಎಂದು ಸಂಶೋಧಕರು ಭಾವಿಸುತ್ತಾರೆ.

ನಮ್ಮ ಮನೆಯಿಂದ ಕೂಗಳತೆಯಲ್ಲಿ ಹವಾಮಾನ ಇಲಾಖೆಯ ಹಳೆಯ ಕಟ್ಟಡವಿದೆ. 1928ರಲ್ಲಿ ಇಲಾಖೆಯ ಮುಖ್ಯ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂತು, ಜನ ಇಂದಿಗೂ ಅದನ್ನು ಸಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ. ಬಿಸಿಲು, ಗಾಳಿ, ತೇವಗಳ ಲೆಕ್ಕ ಇಡುವ ಆ ಕಟ್ಟಡವನ್ನು ಹಾದು ದಿನಾ ಕೆಲಸಕ್ಕೆ ಹೋಗುವ ನನಗೆ, ಹೊತ್ತು ಹೊತ್ತಿನ ಲೆಕ್ಕ ನಮ್ಮ ಮಂಚದ ಮೇಲೂ ನಡೆಯುತ್ತಿದೆ ಎಂದು ತಿಳಿದಿರಲೇ ಇಲ್ಲ.

ಬಾಣಂತನಕ್ಕೆ ಧಾರವಾಡದಿಂದ ಅತ್ತೆ ಬಂದಿದ್ದರು, ಅಳವಿ, ಅಂಟಿನುಂಡಿ, ಮೆತ್ತಗಿನ ಹಳೆ ಸೀರೆಗಳ ಗಂಟಿನೊಂದಿಗೆ. ಕೂಸು ಅಳುವುದಕ್ಕೆ ಮುಂಚೆಯೇ ಅವರು ಮಗಳನ್ನು ‘ಏಳವ್ವಾ, ಕೂಸಿಗೆ ಹಸಿವಾಗೈತಿ’ ಎಂದು ಎಬ್ಬಿಸುತ್ತಿದ್ದರು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

‘ಅಳೂದು ಅದರ ಕಡೀ ಮಾತ್ರಿ. ಅದಕ್ಕೂ ಮೊದ್ಲ ನಾಕ್ ಸಲ ಕೇಳಿರತೈತಿ, ನೋಡ್ರಿ ಬೇಕಾದ್ರ.’

ಒಂದು ರಾತ್ರಿ ಸಣ್ಣ ದೀಪದಲ್ಲಿ ತೊಟ್ಟಿಲಿಗೆ ಮುಖವಿಟ್ಟು ಕೂತು ನೋಡಿದೆ. ಮೊದಲು ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಹೊರಳಿತು. ತುಟಿ ಚಪ್ಪರಿಸಿತು. ನಾಲಿಗೆಯ ತುದಿ ಹೊರಗೆ ಬಂದು ಒಳಗೆ ಹೋಯಿತು. ಮುಷ್ಟಿ ಗಾಳಿಯಲ್ಲಿ ಅಲೆದು, ಕೆನ್ನೆಗೆ ತಾಗಿ, ಬಾಯಿ ಹುಡುಕಿತು, ತಾಗಿದ ಕಡೆಗೇ ತಲೆ ಹೊರಳಿ ಬಾಯಿ ಅಗಲವಾಯಿತು. ಇಷ್ಟಕ್ಕೆ ಕೆಲವು ನಿಮಿಷಗಳೇ ಹಿಡಿದವು, ಇನ್ನೂ ಒಂದು ಹನಿ ಕಣ್ಣೀರಿಲ್ಲ! ಇಷ್ಟು ದಿನ ಅದು ಇಷ್ಟೆಲ್ಲ ಹೇಳಿ ಹೇಳಿ ಸೋತು ಅತ್ತದ್ದನ್ನು ನಾನು ಹಟ ಅಂದುಕೊಂಡಿದ್ದೆ. ಆ ರಾತ್ರಿ ಅತ್ತೆಯ ಮುಂದೆ ನನಗೆ ಮಾತೇ ಹೊರಡಲಿಲ್ಲ.

ಇನ್ನೊಂದು ದಿನ ಕೂಸು ಮುಲುಗಿ, ಕೈಕಾಲು ಜಾಡಿಸಿ, ಮುಖ ಕಿವುಚಿತು. ನಾನು ಎತ್ತಿಕೊಳ್ಳಲು ಬಾಗಿದೆ. ಅತ್ತೆ ಕೈ ಹಿಡಿದರು. ‘ತಡೀರಿ, ಎದ್ದಿಲ್ಲದು. ನಿದ್ದಿಯೊಳಗ ಮಾತಾಡಾಕತ್ತೈತಿ.’ ನಿಜವೇ! ಎಳೆಗೂಸಿನ ನಿದ್ದೆಯಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಇಂಥ ಚಡಪಡಿಕೆಯ ನಿದ್ದೆ. ಒಂದು ನಿಮಿಷ ಸುಮ್ಮನೆ ಕಾದೆವು, ಅದು ನಿಟ್ಟುಸಿರು ಬಿಟ್ಟು ಮತ್ತೆ ಒಳಗೆ ಮುಳುಗಿತು.

ಹಾಲು ಕುಡಿದು, ತೇಗಿ, ಆದರೂ ರಚ್ಚೆ ಬಿಡದ ರಾತ್ರಿಗಳು ನನ್ನ ಪಾಳಿ. ಅಡುಗೆಮನೆಯಿಂದ ಕಿಟಕಿಗೆ ಹದಿನಾಲ್ಕು ಹೆಜ್ಜೆ, ಕಿಟಕಿಯಿಂದ ಅಡುಗೆಮನೆಗೆ ಹದಿನಾಲ್ಕು. ಭುಜದ ಮೇಲೆ ಮಲಗಿದ ಕೂಸನ್ನು ಕೆಳಗಿಟ್ಟರೆ ಸಾಕು, ಕಿರುಚಾಟ. ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೋದಾ ತಂಡ 21 ಕೂಸುಗಳ ಎದೆಬಡಿತ ಅಳೆದು 2022ರಲ್ಲಿ ಇದಕ್ಕೊಂದು ದಾರಿ ತೋರಿಸಿದೆ. ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ಸಮನಾಗಿ ನಡೆಯಿರಿ. ನಿದ್ದೆ ಹೋದ ಮೇಲೂ ಐದರಿಂದ ಎಂಟು ನಿಮಿಷ ತೊಡೆಯ ಮೇಲೆ ಇಟ್ಟುಕೊಂಡು ಕೂಡಿರಿ. ಆಮೇಲೆ ಮಲಗಿಸಿ. ಕೂಸನ್ನು ಎಬ್ಬಿಸುತ್ತಿದ್ದದ್ದು ಬೆನ್ನು ಹಾಸಿಗೆಗೆ ತಾಗುವ ಗಳಿಗೆಯಲ್ಲ, ನಮ್ಮ ಮೈ ಅದರ ಮೈಯಿಂದ ಬಿಡುವ ಗಳಿಗೆ! ಅಲ್ಲಿಂದಾಚೆ ಗಡಿಯಾರ ನೋಡಿ ಎಂಟು ನಿಮಿಷ ಕೂಡತೊಡಗಿದೆ, ಎಷ್ಟೋ ರಾತ್ರಿ ಫಲಿಸಿತು. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು: ಕೂಸನ್ನು ಎದೆಗೆ ಅವುಚಿಕೊಂಡು ಸೋಫಾದಲ್ಲಿ ತೂಕಡಿಸಬೇಡಿ, ಅದು ತೀರ ಅಪಾಯದ ಜಾಗ. ಮಲಗಿಸುವುದು ಯಾವಾಗಲೂ ಅಂಗಾತವೇ. ಮತ್ತೆ ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ, ಹಾಲು ಒಲ್ಲದೆ ಮಂಕಾದರೆ, ಉಚ್ಚೆ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯದೆ ಡಾಕ್ಟರ ಹತ್ತಿರ ಓಡಿ.

ಇಲ್ಲಿಯವರ ಸವ್ವಾ ಮಹಿನಾ, ನಮ್ಮವರ ಬಾಣಂತನದ ಕಟ್ಟು, ಎರಡೂ ಮುಗಿದ ಮೇಲೆ ಕೂಸಿಗೆ ಹಗಲನ್ನು ತೋರಿಸಲು ಹೊರಟೆವು. ಬೆಳಕೂ ಹೊತ್ತು ಕಲಿಸುತ್ತದೆ, ಡಬ್ಬಿ ಹಾಲು ಕುಡಿಯುವ ಕೂಸುಗಳಿಗೂ. ರಾತ್ರಿ ಮಂದ ದೀಪ, ಪಿಸುಮಾತು, ಹಗಲು ಧಾರಾಳ ಬೆಳಕು. ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರ ನಮಗೆ ಹತ್ತಿರ. ಎಂಟನೇ ಶತಮಾನದಲ್ಲಿ, ನಮ್ಮ ರಾಷ್ಟ್ರಕೂಟರ ಕಾಲದಲ್ಲಿ, ಬಂಡೆ ಕೊರೆದು ಮಾಡಿದ ಗುಡಿ. ದುಂಡಗಿನ ನಂದಿಮಂಟಪದ ಪಕ್ಕ, ಎಳೆಬಿಸಿಲಿನಲ್ಲಿ, ಕೂಸು ಕಣ್ಣು ಕಿರಿದು ಮಾಡಿ ಮೊದಲ ಸಲ ಬೆಳಗನ್ನು ನೋಡಿತು.

ಹೆಂಡತಿ ಕೆಲಸಕ್ಕೆ ಮರಳುವ ದಿನ ಹತ್ತಿರವಾದಂತೆ ಹಾಲು ಹಿಂಡಿ ಫ್ರಿಜ್ಜಿನಲ್ಲಿ ಇಡತೊಡಗಿದಳು. ನಾನು ಬಿಳಿ ಪಟ್ಟಿ ಅಂಟಿಸಿ ತಾರೀಖಿನ ಜೊತೆ ‘ಹಗಲು’, ‘ರಾತ್ರಿ’ ಎಂದು ಬರೆದೆ, ರಾತ್ರಿಯದನ್ನು ರಾತ್ರಿಯೇ ಕೊಡಲು. ಬರೆಯುವಾಗ ಮುಂಬಯಿಯ ಸಾಯನ್ ಆಸ್ಪತ್ರೆ ನೆನಪಾಯಿತು. ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಅಲ್ಲಿ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ತೆರೆದರು. ಯಾವುದೋ ತಾಯಿಯ ಹಾಲು ಇನ್ಯಾವುದೋ ತಾಯಿಯ ಅಂಗೈಯಗಲದ ಕೂಸನ್ನು ಬದುಕಿಸುತ್ತದೆ. ನಮ್ಮ ಫ್ರಿಜ್ಜಿನ ನಾಲ್ಕು ಬಾಟಲಿಗಳನ್ನು ನೋಡುತ್ತ ಬಾಗಿಲು ಮುಚ್ಚುವುದನ್ನೇ ಮರೆತೆ.

ಕೆಳಮನೆಯ ಮಾವಶಿ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಕೇಳುವುದು ಒಂದೇ: ‘ಬಾಳ ಝೋಪ್ಲಂ ಕಾ?’ ಕೂಸು ಮಲಗಿತಾ ಅಂತ. ಮೂರು ತಿಂಗಳು ತುಂಬಿದ ಮೇಲೆ ಒಂದು ರಾತ್ರಿ ಕೂಸು ಹತ್ತಕ್ಕೆ ಮಲಗಿದ್ದು ಮೂರಾದರೂ ಏಳಲಿಲ್ಲ. ಎದೆ ಬಿಗಿದು, ಹಾಲು ತಾನಾಗಿ ತೊರೆ ಬಿಟ್ಟು, ಹೆಂಡತಿ ಎದ್ದು ಕೂತಳು. ನಾನು ಬಾಗಿ ಉಸಿರಾಟ ನೋಡಿದೆ. ಅಷ್ಟರಲ್ಲಿ ಮೊಬೈಲ್ ಮಿನುಗಿತು. ವಾರದ ಹಿಂದೆ ಧಾರವಾಡಕ್ಕೆ ಮರಳಿದ್ದ ಅತ್ತೆಯದು: ‘ಎದ್ದೈತೇನ್ರಿ ಕೂಸು?’

ಕೂಸು ಮಲಗಿತ್ತು. ಎದ್ದಿದ್ದವರು ನಾವು ಮೂವರು.